ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ

ತಾಳೆಯೋಲೆಯ ಗ್ರಂಥಗಳನ್ನು ಕಾಪಾಡಿದ ನಮ್ಮ ಹಿರಿಯರಿಗೆ ತಮ್ಮ ಶತ್ರುಗಳು ಯಾರೆಂಬುದು ಚೆನ್ನಾಗಿ ತಿಳಿದಿತ್ತು: ಹುಳು, ತೇವ, ಬೆಂಕಿ. ಇವುಗಳಿಂದ ಓಲೆ ಪಾರಾಯಿತೆಂದರೆ ಬರಹವೂ ಪಾರಾದಂತೆಯೇ. ಓದಲು ಕಣ್ಣೂ ಅಕ್ಷರಜ್ಞಾನವೂ ಇದ್ದರೆ ಸಾಕಾಗಿತ್ತು. ಗಣಕಯಂತ್ರದಲ್ಲಿ ಬರೆದಿಟ್ಟ ಬರಹದ ಪಾಡು ಬೇರೆ. ಕಡತವು ಎಳ್ಳಷ್ಟೂ ಕೆಡದೆ ಉಳಿದಿದ್ದರೂ, ಅದನ್ನು ಓದತಕ್ಕ ಯಂತ್ರವೂ ತಂತ್ರಾಂಶವೂ ಇಲ್ಲವಾದರೆ ಆ ಬರಹ ಇದ್ದೂ ಇಲ್ಲದಂತೆ.

ಈ ಮಾತು ನಮಗೆ ಮನವರಿಕೆಯಾದದ್ದು ಒಂದು ಸಿ.ಡಿ.ಯಿಂದ. ನಮ್ಮ ಹಿರಿಯ ಸಹೋದ್ಯೋಗಿಗಳೊಬ್ಬರು ನಿವೃತ್ತರಾಗುವಾಗ ಅದನ್ನು ನಮ್ಮ ಕೈಯಲ್ಲಿಟ್ಟು, "ಕನ್ನಡ ಮಾಧ್ಯಮದಿಂದ ಬಂದ ಹುಡುಗರಿಗೆಂದು ಬರೆದದ್ದು; ನಿಮಗೆ ಉಪಯೋಗಕ್ಕೆ ಬಂದೀತು" ಎಂದರು. ಭೌತಶಾಸ್ತ್ರದ ಪ್ರಯೋಗಗಳ ಕೈಪಿಡಿ ಅದು. 2003ರಲ್ಲಿ ಆರಂಭಿಸಿ ವರ್ಷವರ್ಷವೂ ತಿದ್ದಿ ಬೆಳೆಸಿದ್ದು. ಚಿತ್ರಗಳು, ಕೋಷ್ಟಕಗಳು, ಹುಡುಗರು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆಂಬ ಟಿಪ್ಪಣಿಗಳು ಎಲ್ಲವೂ ಅದರಲ್ಲಿದ್ದುವು. ಹೊಸಹಳ್ಳಿಯ ಮೆಟ್ರೋ ನಿಲ್ದಾಣಕ್ಕೆ ಹತ್ತಿರದ ಒಂದು ಡಿ.ಟಿ.ಪಿ. ಅಂಗಡಿಗೆ ಅದನ್ನು ಒಯ್ದೆವು. ಪುಟವಿನ್ಯಾಸದ ಕಡತಗಳು ಪೇಜ್‌ಮೇಕರ್ ತಂತ್ರಾಂಶದವು. ಅಂಗಡಿಯ ಹೊಸ ಯಂತ್ರದಲ್ಲಿ ಅವು ತೆರೆಯಲೇ ಇಲ್ಲ. ಬರಿಯ ಪಠ್ಯದ ಕಡತಗಳು ತೆರೆದುವು. ಆದರೆ ತೆರೆಯ ಮೇಲೆ ಕನ್ನಡವಿರಲಿಲ್ಲ. "ಇದು ಹಳೇ ನುಡಿ ಸಾರ್, ಕನ್ವರ್ಟ್ ಮಾಡಿ ಕೊಡ್ತೀನಿ" ಎಂದ ಅಂಗಡಿಯ ಹುಡುಗ ಕ್ಷಣಮಾತ್ರದಲ್ಲಿ ಅದನ್ನು ಯೂನಿಕೋಡಿಗೆ ಪರಿವರ್ತಿಸಿದ. ಕನ್ನಡವೇನೋ ಬಂದಿತು; ಆದರೆ ಸೂತ್ರಗಳಲ್ಲಿ ಬಲವನ್ನು ಸೂಚಿಸುವ ರೋಮನ್ ಎಫ್ ಹೋಗಿ 'ಈ' ಎಂದಾಗಿತ್ತು; ಕ್ಷೇತ್ರಫಲವನ್ನು ಸೂಚಿಸುವ ಎ ಬರಿಯ ಅನುಸ್ವಾರದ ಸೊನ್ನೆಯಾಗಿತ್ತು!

ಇದಕ್ಕೆ ಹುಡುಗನನ್ನು ದೂರಿ ಫಲವಿಲ್ಲ. ಕಾರಣವು ಕನ್ನಡ ಗಣಕಲಿಪಿಯ ಚರಿತ್ರೆಯಲ್ಲಿದೆ. ಯೂನಿಕೋಡ್ 1991ರಷ್ಟು ಹಿಂದೆಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತಾದರೂ, ವಿಂಡೋಸ್‌ನಲ್ಲಿ ಅದಕ್ಕೆ ಆಸರೆ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದಕ್ಕೆ ಮೊದಲೂ, ಅನಂತರ ಬಹುಕಾಲವೂ, ನಮ್ಮವರು ಬರೆದದ್ದು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಮೂಲಕ. ಆ ಕಾಲದ ಫಾಂಟುಗಳು ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದುವು. ಹಳೆಯ ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದವನ್ನು ಆ ಫಾಂಟ್ ಇಲ್ಲದೆ ನೋಡಿದರೆ ಕಾಣುವುದು ಏಳು ಚಿಹ್ನೆಗಳು. ಅವುಗಳಲ್ಲಿ ಒಂದು ಪೌಂಡ್ ನಾಣ್ಯದ ಗುರುತು, ಇನ್ನೊಂದು ಜರ್ಮನ್ ಭಾಷೆಯ ಅಕ್ಷರ. ಅದೇ ಪದಕ್ಕೆ ಯೂನಿಕೋಡಿನಲ್ಲಿ ಬೇಕಾದದ್ದು ಐದೇ ಸಂಕೇತಗಳು. ಹಳೆಯ ಕಡತದಲ್ಲಿ ಎಫ್ ಎಂಬ ಸಂಕೇತ ಕಂಡಾಗ ಅದು ಇಂಗ್ಲಿಷಿನ ಎಫ್ ಅಕ್ಷರವೋ ಕನ್ನಡದ 'ಈ' ಅಕ್ಷರವೋ ಎಂಬುದನ್ನು ಹೇಳುವುದು ಫಾಂಟಿನ ಹೆಸರೊಂದೇ. ಬರಿಯ ಪಠ್ಯದಲ್ಲಿ ಆ ಹೆಸರು ಉಳಿಯುವುದಿಲ್ಲ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಹಳೆಯ ಸಂಕೇತದಲ್ಲಿ ವ್ಯಂಜನದ ಬಳಿಕ ಬರುತ್ತದೆ; ಯೂನಿಕೋಡಿನಲ್ಲಿ ರಕಾರವೇ ಮೊದಲು. ಇಂಥ ಸ್ಥಾನಪಲ್ಲಟಗಳಲ್ಲಿಯೂ ಪರಿವರ್ತಕವು ಎಡವಬಹುದು. ಆದ್ದರಿಂದ ಪರಿವರ್ತನೆ ಸರಿಯೇ ತಪ್ಪೇ ಎಂದು ತೀರ್ಮಾನಿಸಲು ಮೂಲರೂಪದ ಸಾಕ್ಷ್ಯ ಬೇಕು. ಆ ಸಾಕ್ಷ್ಯವನ್ನು ನುಡಿಯತಕ್ಕದ್ದು ಹಳೆಯ ಯಂತ್ರ.

ನಮ್ಮ ಅದೃಷ್ಟಕ್ಕೆ, ಕೈಪಿಡಿ ಹುಟ್ಟಿದ ಆ ಎಕ್ಸ್‌ಪಿ ಯಂತ್ರ ಕಾಲೇಜಿನ ಉಗ್ರಾಣದಲ್ಲಿ ಗುಜರಿಯವನ ಬರವನ್ನು ಕಾಯುತ್ತಿತ್ತು. ಅದರ ವಿದ್ಯುತ್ ಪೂರೈಕೆಯ ಭಾಗ ಸುಟ್ಟುಹೋಗಿತ್ತು. ಡಿಸ್ಕ್ ಮಾತ್ರ ಜೀವಂತವಾಗಿತ್ತು. ಡಿಸ್ಕನ್ನು ಹೊರತೆಗೆದು, ಅದರ ಸಂಪೂರ್ಣ ಪ್ರತಿಯನ್ನು ಒಂದು ಕಡತವಾಗಿ ತೆಗೆದು, ವಿಭಾಗದ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯಲ್ಲಿ ಒಂದು ವರ್ಚುಯಲ್ ಮಷೀನ್ ನಿರ್ಮಿಸಿ ಅದಕ್ಕೆ ಒಪ್ಪಿಸಿದೆವು. ಎರಡು ಸಂಜೆಗಳ ಪರಿಶ್ರಮದ ಬಳಿಕ ಹಳೆಯ ತೆರೆ ಮತ್ತೆ ಮೂಡಿತು. ಪೇಜ್‌ಮೇಕರಿನಲ್ಲಿ ಕೈಪಿಡಿ ತೆರೆಯಿತು. ಎಫ್ ಎಫ್ ಆಗಿಯೇ ಇತ್ತು.

ವರ್ಚುಯಲ್ ಮಷೀನ್ ಎಂದರೇನೆಂದು ವಾಚಕರು ಕೇಳಬಹುದು. ದರ್ಪಣದ ಹಿಂದೆ ತೋರುವ ಬಿಂಬವನ್ನು ಭೌತಶಾಸ್ತ್ರದಲ್ಲಿ ಮಿಥ್ಯ ಪ್ರತಿಬಿಂಬವೆನ್ನುತ್ತೇವೆ. ದರ್ಪಣದ ಹಿಂದೆ ಯಾವ ವಸ್ತುವೂ ಇಲ್ಲ. ಆದರೂ ಅಲ್ಲಿಂದಲೇ ಬೆಳಕು ಬಂದಿತೋ ಎಂಬಂತೆ ಕಣ್ಣು ವ್ಯವಹರಿಸುತ್ತದೆ, ಅದನ್ನು ನೋಡಿ ನಾವು ತಲೆ ಬಾಚಿಕೊಳ್ಳುತ್ತೇವೆ. ವರ್ಚುಯಲ್ ಮಷೀನ್ ಸಹ ಇದೇ ಅರ್ಥದಲ್ಲಿ ಮಿಥ್ಯ. ಆತಿಥೇಯ ಯಂತ್ರದಲ್ಲಿರುವ ನಿಯಂತ್ರಕ ತಂತ್ರಾಂಶವು ಅತಿಥಿ ವ್ಯವಸ್ಥೆಯ ಮುಂದೆ ಒಂದು ಪ್ರೊಸೆಸರ್, ಇಷ್ಟು ಸ್ಮೃತಿ, ಒಂದು ಡಿಸ್ಕ್ ಇರುವಂತೆ ತೋರಿಸುತ್ತದೆ. ಡಿಸ್ಕ್ ವಾಸ್ತವದಲ್ಲಿ ಒಂದು ದೊಡ್ಡ ಕಡತ ಅಷ್ಟೆ. ಅತಿಥಿಗೆ ಈ ಗುಟ್ಟು ತಿಳಿಯದು.

ಈ ಯುಕ್ತಿ ಹೊಸದೇನೂ ಅಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ 1967ರಲ್ಲಿಯೇ ಸಿ.ಪಿ.-40 ಎಂಬ ವ್ಯವಸ್ಥೆಯು ಒಂದೇ ಯಂತ್ರವನ್ನು 14 ಯಂತ್ರಗಳಂತೆ ನಡೆಸುತ್ತಿತ್ತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇದರ ಲಕ್ಷಣಗಳನ್ನು ಮೂರಾಗಿ ನಿರೂಪಿಸಿದರು: ಅತಿಥಿಯ ಫಲಿತಾಂಶ ನಿಜಯಂತ್ರದ ಫಲಿತಾಂಶದಂತೆಯೇ ಇರಬೇಕು, ಸಂಪನ್ಮೂಲಗಳ ಹತೋಟಿ ನಿಯಂತ್ರಕದ ಕೈಯಲ್ಲಿಯೇ ಇರಬೇಕು, ಬಹುಪಾಲು ಆದೇಶಗಳು ನಡುವೆ ತಡೆಯಿಲ್ಲದೆ ನೇರವಾಗಿ ಪ್ರೊಸೆಸರಿನಲ್ಲಿಯೇ ನಡೆಯಬೇಕು. 2005-06ರಲ್ಲಿ ಇಂಟೆಲ್ ಹಾಗೂ ಎ.ಎಂ.ಡಿ. ಕಂಪೆನಿಗಳು ಸಾಮಾನ್ಯ ಪ್ರೊಸೆಸರುಗಳಲ್ಲಿಯೂ ಇದಕ್ಕೆ ಅನುವು ಮಾಡಿಕೊಟ್ಟುವು. 2007ರಲ್ಲಿ ಕೆ.ವಿ.ಎಂ. ಎಂಬ ನಿಯಂತ್ರಕವು ಲಿನಕ್ಸ್‌ನ ಒಡಲಿಗೆ ಸೇರಿತು. ಇಂದಿನ ಸ್ಟೋರೇಜ್ ಪೆಟ್ಟಿಗೆಗಳ ಒಳಗೆ ನಡೆಯುವುದು ಬಹುಮಟ್ಟಿಗೆ ಲಿನಕ್ಸ್. ಆದ್ದರಿಂದಲೇ ಕಡತಗಳನ್ನು ಇಡಲೆಂದು ಕೊಂಡ ಪೆಟ್ಟಿಗೆಯು ಅತಿಥಿಯಂತ್ರಕ್ಕೆ ಮನೆಯೂ ಆಗಬಲ್ಲುದು.

ಆದರೆ ಎಲ್ಲ ಪೆಟ್ಟಿಗೆಗಳೂ ಇದಕ್ಕೆ ತಕ್ಕವಲ್ಲ. ಅಗ್ಗದ ಮಾದರಿಗಳ ಪ್ರೊಸೆಸರಿಗೆ ಈ ಸಾಮರ್ಥ್ಯವಿರುವುದಿಲ್ಲ; ಕೊಳ್ಳುವ ಮೊದಲೇ ವಿಚಾರಿಸಬೇಕು. ಸ್ಮೃತಿಯ ಲೆಕ್ಕವನ್ನೂ ಹಾಕಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ಬೇಕು, ಎಕ್ಸ್‌ಪಿ 64 ಎಂ.ಬಿ.ಯಲ್ಲಿಯೇ ಏಳಬಲ್ಲುದಾಗಿತ್ತು, 512 ಕೊಟ್ಟರೆ ಸುಖವಾಗಿರುತ್ತದೆ. ಹಳಬರನ್ನು ಸಾಕುವುದು ಅಗ್ಗವೆಂದು ಇದರಿಂದ ತಿಳಿಯಬಹುದು! ಡಿಸ್ಕಿನ ವಿಷಯದಲ್ಲಿ ನಾವೇ ಮೊದಲ ಸಂಜೆ ಎಡವಿದೆವು. ಅತಿಥಿಯಂತ್ರಗಳಿಗೆಂದು ಈಚೆಗೆ ರೂಪಿಸಿದ ವೇಗದ ಡಿಸ್ಕ್ ಸಂಪರ್ಕವನ್ನು ಆರಿಸಿದಾಗ, ಅದರ ಪರಿಚಯವಿಲ್ಲದ ಎಕ್ಸ್‌ಪಿ ನೀಲಿ ತೆರೆ ತೋರಿಸಿ ನಿಂತಿತು. ಹಳೆಯ ಐ.ಡಿ.ಇ. ಸಂಪರ್ಕವನ್ನು ಆರಿಸಿದ ಮೇಲೆ ಎದ್ದಿತು. ಯಂತ್ರ ಬದಲಾಯಿತೆಂದು ಎಕ್ಸ್‌ಪಿ ಮತ್ತೆ ಪರವಾನಗಿಯ ದೃಢೀಕರಣ ಕೇಳುವುದುಂಟು. ಯಂತ್ರದೊಡನೆ ಬಂದ ಪರವಾನಗಿ ಆ ಯಂತ್ರಕ್ಕೇ ಕಟ್ಟಿದ್ದಾಗಿರುವುದು ಸಾಮಾನ್ಯವಾದ್ದರಿಂದ, ಸಂಸ್ಥೆಗಳು ಈ ವಿಷಯವನ್ನು ನೇರ್ಪಡಿಸಿಕೊಂಡೇ ಮುಂದುವರಿಯತಕ್ಕದ್ದು.

ಒಂದು ವಿಷಯದಲ್ಲಿ ಮಾತ್ರ ನಮ್ಮದು ಕಟ್ಟುನಿಟ್ಟಿನ ಅಭಿಪ್ರಾಯ. ಹಳೆಯ ಅತಿಥಿಗೆ ಜಾಲದ ಸಂಪರ್ಕ ಕೊಡಕೂಡದು. ಎಕ್ಸ್‌ಪಿಗೆ ತಯಾರಕರ ರಕ್ಷಣೆ 2014ರ ಏಪ್ರಿಲ್ 8ಕ್ಕೆ ಮುಗಿಯಿತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಹರಡಿದಾಗ, ಮೂರು ವರ್ಷದ ಹಿಂದೆ ಕೈಬಿಟ್ಟಿದ್ದ ಎಕ್ಸ್‌ಪಿಗೂ ತುರ್ತು ತೇಪೆಯನ್ನು ಹೊರಡಿಸಬೇಕಾಯಿತು. ಪೆಟ್ಟಿಗೆಯನ್ನೂ ಅಂತರಜಾಲಕ್ಕೆ ಬಾಗಿಲು ತೆರೆದು ಇಡಬಾರದು. 2022ರಲ್ಲಿ ಡೆಡ್‌ಬೋಲ್ಟ್ ಎಂಬುದು ಹಾಗೆ ತೆರೆದಿದ್ದ ಸ್ಟೋರೇಜ್ ಪೆಟ್ಟಿಗೆಗಳಿಗೇ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಜಾಲವಿಲ್ಲದೆ ಕಡತಗಳನ್ನು ಸಾಗಿಸುವುದು ಕಷ್ಟವಲ್ಲ. ಪೆಟ್ಟಿಗೆಗೆ ಪೆನ್‌ಡ್ರೈವ್ ಸಿಕ್ಕಿಸಿ ಅದನ್ನು ಅತಿಥಿಗೆ ಒಪ್ಪಿಸಬಹುದು. ಅಲ್ಲಿಂದ ಹೊರಬಂದದ್ದನ್ನು ವೈರಸ್ ಪರೀಕ್ಷೆ ಮಾಡಿಯೇ ಬೇರೆಡೆ ತೆರೆಯಬೇಕು.

ಇನ್ನೊಂದು ಭ್ರಮೆಯನ್ನೂ ನಿವಾರಿಸಬೇಕು. ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಷಾಟ್ ಬಹು ಸೊಗಸಾದ ಸೌಲಭ್ಯ. ಪ್ರಯೋಗ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ಅದು ಅದೇ ಡಿಸ್ಕಿನಲ್ಲಿದ್ದರೆ ಬೇರೊಂದು ಪ್ರತಿಯೆನಿಸದು. ಎರಡು ಡಿಸ್ಕುಗಳಲ್ಲಿ ಒಂದೇ ಬರಹವಿದ್ದರೂ ಅಷ್ಟೆ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಅಳಿಯುತ್ತದೆ. ಮೂರನೆಯ ಪ್ರತಿ ಬೇರೊಂದು ಕಟ್ಟಡದಲ್ಲಿರಬೇಕು. ಕರೆಂಟು ಹೋದಾಗ ಪೆಟ್ಟಿಗೆ ಮರ್ಯಾದೆಯಿಂದ ಮಲಗಲು ಒಂದು ಯು.ಪಿ.ಎಸ್. ಅಗತ್ಯ.

"ಎಲ್ಲವನ್ನೂ ಒಮ್ಮೆಲೇ ಪರಿವರ್ತಿಸಿ ಹಳೆಯದನ್ನು ಎಸೆದರಾಯಿತು, ಈ ಮುದಿಯಂತ್ರವನ್ನು ಪೋಷಿಸುವ ಗೊಡವೆ ಏಕೆ?" ಎಂಬ ಆಕ್ಷೇಪವುಂಟು. ಇದರಲ್ಲಿ ಅರ್ಧ ಸತ್ಯವಿದೆ. ಫಾಂಟ್ ಒಂದೇ ಕೊರತೆಯಾಗಿದ್ದರೆ ಅದನ್ನು ಹೊಸ ಯಂತ್ರದಲ್ಲಿ ಕೂರಿಸಿದರೆ ಸಾಕು, ವರ್ಚುಯಲ್ ಮಷೀನ್ ಬೇಕಿಲ್ಲ. ಯೂನಿಕೋಡಿಗೆ ಸಾಗುವುದೇ ಕೊನೆಯ ಗುರಿಯೆಂಬುದನ್ನೂ ನಾವು ಒಪ್ಪುತ್ತೇವೆ. ಅತಿಥಿಯಂತ್ರ ಶಾಶ್ವತವಾದ ನೆಲೆಯಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಹೊಸ ಮಾಪಕ ಬಂದ ದಿನವೇ ಹಳೆಯದನ್ನು ಎಸೆಯುವವರುಂಟೆ? ಎರಡನ್ನೂ ಒಂದೇ ವಸ್ತುವಿಗೆ ಹಿಡಿದು, ವ್ಯತ್ಯಾಸವನ್ನು ಗುರುತಿಸಿ, ಅನಂತರವಷ್ಟೆ ಹಳೆಯದನ್ನು ಬದಿಗಿಡುತ್ತೇವೆ. ಬರಹದ ವಿಷಯದಲ್ಲಿಯೂ ಅದೇ ನಿಯಮ ಸಲ್ಲಬೇಕು. ಮೂಲ ಕಡತ, ಅತಿಥಿಯಂತ್ರದಲ್ಲಿ ತೆಗೆದ ಮುದ್ರಣರೂಪದ ಪಿ.ಡಿ.ಎಫ್., ತಿದ್ದಿದ ಯೂನಿಕೋಡ್ ಪಠ್ಯ, ಈ ಮೂರನ್ನೂ ಒಟ್ಟಿಗೆ ಇಟ್ಟರೆ ಮುಂದಿನವರು ನಮ್ಮ ತಪ್ಪನ್ನು ಕಂಡುಹಿಡಿಯಬಲ್ಲರು.

"ಬಾಡಿಗೆಯ ಕ್ಲೌಡ್ ಇರುವಾಗ ಮನೆಯ ಪೆಟ್ಟಿಗೆ ಏಕೆ?" ಎನ್ನುವವರೂ ಉಂಟು. ಬಾಡಿಗೆ ನಿಂತ ದಿನ ಯಂತ್ರವೂ ನಿಲ್ಲುತ್ತದೆ. ಸ್ವಂತ ಪೆಟ್ಟಿಗೆಯ ಖರ್ಚು ಎಷ್ಟೆಂದು ನೋಡೋಣ: ಅದು 20 ವ್ಯಾಟ್ ಬಳಸುವುದೆಂದಿಟ್ಟುಕೊಂಡರೆ ತಿಂಗಳಿಡೀ ಉರಿದರೂ 14.4 ಯೂನಿಟ್. ಒಂದು ಸಾಧಾರಣ ಕಾಲೇಜು, ಅಚ್ಚುಮನೆ, ಗ್ರಂಥಾಲಯ ಇದನ್ನು ಹೊರಲಾರದೆ?

ನಮ್ಮ ನಾಡಿನಲ್ಲಿ ಸುಮಾರು ಎರಡು ದಶಕಗಳ ಕಾಲ ಕನ್ನಡದ ಪಾಠಗಳು, ಪ್ರಶ್ನಪತ್ರಿಕೆಗಳು, ಸ್ಮರಣಸಂಚಿಕೆಗಳು, ಕಚೇರಿಯ ದಾಖಲೆಗಳು ಇಂಥ ಯಂತ್ರಗಳಲ್ಲಿ ಹುಟ್ಟಿವೆ. ಆ ಯಂತ್ರಗಳು ಈಗ ಒಂದೊಂದಾಗಿ ಗುಜರಿಯ ತಕ್ಕಡಿ ಏರುತ್ತಿವೆ. ತೂಕಕ್ಕೆ ಕೊಡುವುದರಲ್ಲಿ ತಪ್ಪಿಲ್ಲ. ಒಳಗಿನದನ್ನು ನೋಡದೆ ಕೊಡುವುದು ತಪ್ಪು. ಯಾವುದೇ ಸಂಸ್ಥೆ ಹಳೆಯ ಗಣಕವನ್ನು ವಿಲೇವಾರಿ ಮಾಡುವ ಮೊದಲು ಅದರ ಡಿಸ್ಕಿನ ಪ್ರತಿ ತೆಗೆಯಬೇಕು. ಅದನ್ನು ಅತಿಥಿಯಂತ್ರವಾಗಿ ಎಬ್ಬಿಸಿ ನೋಡಬೇಕು. ಅದರ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಬೇಕು. ಇಷ್ಟೇ ನಮ್ಮ ಕೋರಿಕೆ.

ನಿವೃತ್ತರಾದ ನಮ್ಮ ಹಿರಿಯರಿಗೆ ಅವರ ಕೈಪಿಡಿಯ ಹೊಸ ಪ್ರತಿಯನ್ನು ಒಪ್ಪಿಸಿದೆವು. ಅವರು ಪುಟಗಳನ್ನು ತಿರುವಿ, ಲೋಲಕದ ಪ್ರಯೋಗದ ಕೋಷ್ಟಕದ ಮೇಲೆ ಬೆರಳಿಟ್ಟು, "ಇಲ್ಲೊಂದು ದಶಮಾಂಶದ ತಪ್ಪಿದೆ, ಆಗಲೇ ತಿದ್ದಬೇಕಾಗಿತ್ತು" ಎಂದರು. ನಾವು ಮೂಲವನ್ನು ತೆರೆದು ನೋಡಿದೆವು. ತಪ್ಪು ಅಲ್ಲಿಯೂ ಇತ್ತು. ಪರಿವರ್ತನೆ ಸರಿಯಾಗಿದೆಯೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪ್ರಮಾಣ ನಮಗೆ ಬೇಕಾಗಲಿಲ್ಲ.