ಗೋಪೂಜೆಯ ಫೋಟೋ ಬಂತು, ಸಗಣಿ ಬಳಿಯುವವರು ಯಾರು?

ಬಲಿಪಾಡ್ಯದ ದಿನ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹದಿನೇಳು ಫೋಟೋ ಬಂದವು. ಚೆಂಡುಹೂವಿನ ಮಾಲೆ ಹಾಕಿಸಿಕೊಂಡ ಆಕಳು, ಕೋಡಿಗೆ ಬಣ್ಣ ಬಳಿಸಿಕೊಂಡ ಮುದಿ ಎತ್ತು, ಅಂಗಳದಲ್ಲಿ ಸಗಣಿಯ ಪಾಂಡವರು, ಅವುಗಳ ತಲೆಯ ಮೇಲೆ ಉತ್ತರಾಣಿ ಕಡ್ಡಿ. ಹೈದರಾಬಾದಿನ ಅಣ್ಣ ಕೈಮುಗಿಯುವ ಚಿತ್ರ ಹಾಕಿದ. ಚೆನ್ನೈನ ತಂಗಿ 'ಬೇರು ಮರೆಯಬಾರದು' ಎಂದು ಬರೆದಳು. ಪುಣೆಯಲ್ಲಿ ಕೂತ ನಾನು ಎಲ್ಲದಕ್ಕೂ ಕೆಂಪು ಹೃದಯ ಒತ್ತಿದೆ.

ಎರಡು ದಿನ ಬಿಟ್ಟು ಅವ್ವ ಫೋನ್ ಮಾಡಿದಳು. "ಎಲ್ಲಾ ಕೊಟ್ಟಬಿಡೂನು ಯಪ್ಪಾ, ಈ ಥಂಡ್ಯಾಗ ನನ್ನ ಕೈಲೆ ಆಗವಲ್ದು." ಸುದ್ದಿ ಗುಂಪಿಗೆ ಬಿದ್ದದ್ದೇ ತಡ, ಅಪ್ಪ ಕಟ್ಟಿಸಿದ ಕೊಟ್ಟಿಗೆ, ಮನೆಯ ಲಕ್ಷ್ಮಿ, ಮೊಮ್ಮಕ್ಕಳು ಏನನ್ನು ನೋಡಬೇಕು ಎಂದೆಲ್ಲ ರಾತ್ರಿ ಹನ್ನೊಂದರ ತನಕ ಚರ್ಚೆ ನಡೆಯಿತು. ನಾಳೆ ಬೆಳಿಗ್ಗೆ ನಾಲ್ಕೂವರೆಗೆ ಸಗಣಿ ಯಾರು ಬಳಿಯಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ ಎಂದು ಗೊತ್ತಿರುವುದರಿಂದಲೇ ಬರೆಯುತ್ತಿದ್ದೇನೆ. ಇಲ್ಲಿಯ ಕನ್ನಡ ಬಳಗದ ದೀಪಾವಳಿಗೆ ಹೋದರೂ ಅದೇ ಮಾತು. ಎ2 ಹಾಲು, ನಾಟಿ ತಳಿ, ದೇಸಿ ತುಪ್ಪ. ಕೋಡು ಎಳೆಚಂದ್ರನ ಹಾಗೆ ಬಾಗಿದ ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ತಳಿಯ ಮಾನ್ಯತೆ ಸಿಕ್ಕಾಗ ಹೆಮ್ಮೆಯಿಂದ ಹಂಚಿಕೊಂಡವರಲ್ಲಿ ನಾನೂ ಒಬ್ಬ. ಮಾನ್ಯತೆ ಸಿಕ್ಕ ಎಮ್ಮೆಗೂ ದಿನಕ್ಕೆ ಎರಡು ಸಲ ಮೇವು ಹಾಕಬೇಕು, ಬುಡ ಬಳಿಯಬೇಕು. ಆ ಕೆಲಸಕ್ಕೆ ನಮ್ಮೂರುಗಳಲ್ಲಿ ಉಳಿದಿರುವವರು ಅರವತ್ತು ದಾಟಿದ ಹೆಂಗಸರು. ನಮ್ಮ ಅಭಿಮಾನವೆಲ್ಲ ಅವರ ಮಂಡಿಯ ಮೇಲೆ ನಿಂತಿದೆ.

ನನ್ನ ಪಾಪದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಕಾರ್ತಿಕದ ಕೊನೆಗೆ ಧಾರವಾಡದ ಕಡೆ ಚಳಿ ಜೋರಾಗಿತ್ತು. ಎಂಟೆಕ್ ಮಾಡಿದ ಮಗ ಸುಮ್ಮನೆ ಕೂರುತ್ತಾನೆಯೇ? ಆನ್‌ಲೈನಿನಲ್ಲಿ ದಪ್ಪನೆಯ ತಾಡಪತ್ರಿ ತರಿಸಿ, ಪಕ್ಕದ ಮನೆಯ ಹುಡುಗನಿಂದ ಕೊಟ್ಟಿಗೆಯ ನಾಲ್ಕೂ ಕಡೆ ಸೂರಿನಿಂದ ನೆಲದ ತನಕ ಕಟ್ಟಿಸಿದೆ. ವಿಡಿಯೋ ಕಾಲಿನಲ್ಲಿ ನಾನೇ ನಿಂತು ಉಸ್ತುವಾರಿ ಮಾಡಿದೆ. "ದನದ ಮನಿ ಬಾಯಿ ಯಾಕ ಕಟ್ಟತಿ? ಉಸರು ಹೆಂಗ ಆಡಬೇಕು ಅವು?" ಎಂದಳು ಅವ್ವ. ನಾನು ಯೂಟ್ಯೂಬಿನ ಲಿಂಕ್ ಕಳಿಸಿದೆ. ಆಕೆಯ ಫೋನಿಗೆ!

ವಾರದೊಳಗೆ ಬೆಳಗಿನ ಹೊತ್ತು ಗೋಡೆಯಿಂದ ನೀರಿಳಿಯತೊಡಗಿತು. ದನಗಳ ಉಸಿರಿನ ಹಬೆಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಗಂಜಲ ಕೊಳೆತರೆ ಅಮೋನಿಯಾ ಆಗುತ್ತದೆ, ಹತ್ತನೆಯ ಕ್ಲಾಸಿನ ಪಾಠ. ಒಳಗೆ ಹೋದರೆ ಕಣ್ಣು ಉರಿಯುತ್ತಿತ್ತಂತೆ. ಆ ಗಾಳಿ ಅತಿ ದಪ್ಪವಾಗುವುದು ನೆಲದ ಹತ್ತಿರ, ಕರು ಮಲಗುವ ಎತ್ತರದಲ್ಲಿ. ಹನ್ನೆರಡನೆಯ ದಿನ ಮೂರು ವಾರದ ಹೆಣ್ಣುಗರು ಕೆಮ್ಮಿ ಕೆಮ್ಮಿ ಸತ್ತಿತು. ಪಶುವೈದ್ಯರು ತಾಡಪತ್ರಿ ನೋಡಿದವರೇ, "ಇದನ್ನ ಯಾರು ಕಟ್ಟಿಸಿದ್ದು?" ಎಂದು ಕೇಳಿದರಂತೆ. ಅವ್ವ ನನ್ನ ಹೆಸರು ಹೇಳಲಿಲ್ಲ. ಗಾಳಿಗೆ ಹಾರಿಬಂದು ಸಿಕ್ಕಿಕೊಂಡಿತು ಎಂದಳಂತೆ.

ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಮಿಶ್ರತಳಿ ಆಕಳಿಗೆ ಹದಿಮೂರು ಹದಿನಾಲ್ಕು ಡಿಗ್ರಿ ಚಳಿ ಚಳಿಯೇ ಅಲ್ಲ. ಅದರ ವಂಶದ ಅರ್ಧ ಯುರೋಪಿನದು, ಅದು ಒದ್ದಾಡುವುದು ಏಪ್ರಿಲ್ಲಿನಲ್ಲಿ. ಚಳಿಗಾಲದ ವೈರಿ ಎಂದರೆ ಹಸಿ ನೆಲ, ಕೆಳಮಟ್ಟದಲ್ಲಿ ಬೀಸುವ ಮೂಡಗಾಳಿ, ನಿಂತ ಗಾಳಿ. ಕಾಳಜಿ ಬೇಕಾದದ್ದು ಕರುವಿಗೆ, ಮೈಮೇಲೆ ಕೂದಲು ಕಡಿಮೆ ಇರುವ ಎಮ್ಮೆಗೆ. ಗಾಳಿ ಬರುವ ಬದಿಯಲ್ಲಿ ದನದ ಬೆನ್ನಿನ ಎತ್ತರದವರೆಗೆ ಮರೆ ಇದ್ದರೆ ಸಾಕು, ಸೂರಿನ ಕೆಳಗೆ ಬಿಟ್ಟೇ ಇರಬೇಕು. ಅಪ್ಪ ಕಟ್ಟಿಸಿದ್ದು ಹಾಗೆಯೇ ಇತ್ತು, ನಾನು ಅದನ್ನು ಸರಿಪಡಿಸಲು ಹೋಗಿದ್ದೆ.

ಅವ್ವ ಮಾಡುವುದನ್ನು ಪಟ್ಟಿ ಮಾಡಲು ಹೋದರೆ ನನ್ನ ಎಕ್ಸೆಲ್ ಶೀಟು ಸಾಲದು. ಸಂಜೆ ಸೋಯಾ ಹೊಟ್ಟು ಹಾಸಿ ಅಂಗೈ ಒತ್ತಿ ನೋಡುತ್ತಾಳೆ, ಕೈಗೆ ಪಸೆ ಹತ್ತಿದರೆ ಬಳಿದು ಮತ್ತೆ ಹಾಸುತ್ತಾಳೆ. ಕರುವಿನ ಕಿವಿ ಮುಟ್ಟಿ ನೋಡುತ್ತಾಳೆ, ತಣ್ಣಗಿದ್ದರೆ ಗೋಣಿಚೀಲ ಹೊದಿಸುತ್ತಾಳೆ. ರಾತ್ರಿಗೆ ಹಿಂಡಿಗಿಂತ ಜೋಳದ ಕಣಕಿ ಹೆಚ್ಚು. ನಾರಿನ ಮೇವು ಹೊಟ್ಟೆಯಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ ಎನ್ನುವ ವಿವರಣೆ ಪುಸ್ತಕದ್ದು. ಆಕೆಯದು "ಹೊಟ್ಟಿ ತುಂಬಿದ್ರ ಥಂಡಿ ಹತ್ತಂಗಿಲ್ಲ" ಅಷ್ಟೇ. ಕೊಯ್ದ ಜೋಳದ ಬುಡದಿಂದ ಒಡೆದ ಎಳೆ ಚಿಗುರಿನ ಕಡೆ ದನ ಹೋಗದಂತೆ ಕಾಯಬೇಕು, ಅದರಲ್ಲಿ ಸಯನೈಡ್ ಆಗುವ ವಿಷ ಇರುತ್ತದೆ. ತೊಟ್ಟಿಯ ತಣ್ಣೀರನ್ನು ಬೆಳಿಗ್ಗೆ ಎಮ್ಮೆ ಮೂಸಿ ಬಿಟ್ಟುಬಿಡುತ್ತದೆ, ನೀರು ಕುಡಿಯದಿದ್ದರೆ ಹಾಲಿಲ್ಲ. ಬೋರಿನಿಂದ ಆಗಷ್ಟೇ ಎತ್ತಿದ ನೀರು ಬೆಚ್ಚಗಿರುತ್ತದೆ. ಆದರೆ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೆಲವು ವಾರ ಬರುವುದೇ ರಾತ್ರಿ ಪಾಳಿಗೆ. ಹಾಗಾಗಿ ಎಪ್ಪತ್ತೊಂದರ ಹೆಂಗಸು ಎರಡು ಗಂಟೆಗೆ ಎದ್ದು ಗುಂಡಿ ಒತ್ತುತ್ತಾಳೆ. ಎದ್ದವಳು ಎಮ್ಮೆ ಬೆದೆಗೆ ಬಂದಿದೆಯೇ ಎಂದೂ ನೋಡುತ್ತಾಳೆ. ಎಮ್ಮೆಯ ಬೆದೆ ಮೂಕ, ಬಹುಪಾಲು ರಾತ್ರಿಯೇ ಕಾಣುವುದು, ಅದೂ ಚಳಿಗಾಲದಲ್ಲಿ. ಒಂದು ಸಲ ತಪ್ಪಿದರೆ ಮೂರು ವಾರ ಕಾಯಬೇಕು. ನಮ್ಮಲ್ಲಿ ಆನ್-ಕಾಲ್ ಎಂದರೆ ಆರು ಜನರ ರೋಟಾ, ಅಲೋವೆನ್ಸು, ಮರುದಿನ ತಡವಾಗಿ ಬರುವ ಸವಲತ್ತು. ಅಲ್ಲಿ ರೋಟಾದಲ್ಲಿ ಒಂದೇ ಹೆಸರು.

ಇನ್ನು ಲೆಕ್ಕ. ಬೆಳಿಗ್ಗೆ ಸುಮಾರು ಮೂರೂಕಾಲು ತಾಸು, ಸಂಜೆ ಎರಡೂಮುಕ್ಕಾಲು. ತಿಂಗಳಿಗೆ 180 ತಾಸು. ಕಳೆದ ನವೆಂಬರಿನಲ್ಲಿ ಡೇರಿಯಿಂದ ಬಂದದ್ದು 11,400 ರೂಪಾಯಿ. ಹಿಂಡಿ, ಹೊಟ್ಟು, ಔಷಧಿಗೆ ಹೋದದ್ದು 6,900. ಉಳಿದದ್ದು 4,500. ತಾಸಿಗೆ 25 ರೂಪಾಯಿ. ನಮ್ಮ ಆಫೀಸಿನ ಯಂತ್ರದ ಕಾಫಿಯ ಬೆಲೆ.

ಊರಲ್ಲಿ ಒಬ್ಬಾಕೆ ಎರಡೂ ಹೊತ್ತು ಬಂದು ಸಗಣಿ, ನೀರು, ಮೇವು ನೋಡಿಕೊಳ್ಳಲು ತಿಂಗಳಿಗೆ 8,000 ಕೇಳಿದ್ದಾಳೆ. ಮೂವರು ಹಂಚಿಕೊಂಡರೆ ತಲೆಗೆ ಎರಡೂಮುಕ್ಕಾಲು ಸಾವಿರದೊಳಗೆ. ಗುಂಪಿನಲ್ಲಿ ಹಾಕಿದೆ. ಬಲಿಪಾಡ್ಯದಂದು ಕೈಮುಗಿದ ಅಣ್ಣ ಬರೆದ: "ನಾಲ್ಕೂವರೆ ಸಾವಿರ ಬರೋದಕ್ಕೆ ಎಂಟು ಸಾವಿರ ಖರ್ಚಾ? ಇದು ಲಾಸ್."

ಹೌದು, ಲಾಸೇ. ಅಪ್ಪ ಹೋದಾಗಿನಿಂದ ಲಾಸೇ ಇತ್ತು. ಇಷ್ಟು ದಿನ ಅದನ್ನು ಅವ್ವ ತುಂಬಿಕೊಡುತ್ತಿದ್ದಳು, ಆದ್ದರಿಂದ ನಮಗೆ ಅದು ಸಂಸ್ಕೃತಿಯ ಹಾಗೆ ಕಾಣುತ್ತಿತ್ತು. ಬಿಲ್ಲು ನಮ್ಮ ಹೆಸರಿಗೆ ಬಂದ ಕೂಡಲೇ ನಷ್ಟವಾಯಿತು.

ಮುದಿ ಎತ್ತಿನದು ಬೇರೆಯೇ ಕಥೆ. 2020ರ ಕಾಯ್ದೆ ಬಂದ ಮೇಲೆ ಕರ್ನಾಟಕದಲ್ಲಿ ಎತ್ತಿನ ವಧೆಗೆ ಯಾವ ವಯಸ್ಸಿನಲ್ಲೂ ಅವಕಾಶವಿಲ್ಲ, ಹದಿಮೂರು ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ವಿನಾಯಿತಿ. ಅದು ಸರಿಯೋ ತಪ್ಪೋ ಎನ್ನುವ ಜಗಳ ಇಲ್ಲಿ ಬೇಡ. ನಮ್ಮ ಎತ್ತನ್ನು ಕಟುಕನಿಗೆ ಕೊಡುವ ಮನಸ್ಸು ಅವ್ವನಿಗೂ ಇಲ್ಲ. ಉಳುಮೆ ಇಲ್ಲದ ಎತ್ತನ್ನು ಕೊಳ್ಳುವವರೂ ಇಲ್ಲ. ಅದು ದುಡಿದರೂ ದುಡಿಯದಿದ್ದರೂ ದಿನಕ್ಕೆ ಐದಾರು ಕಿಲೋ ಕಣಕಿ ತಿನ್ನುತ್ತದೆ. ಕಾಯ್ದೆಯನ್ನು ಸ್ವಾಗತಿಸಿ ಸ್ಟೇಟಸ್ ಹಾಕಿದ ನಮ್ಮ ಬಂಧುಗಳಲ್ಲಿ ಒಬ್ಬರಾದರೂ ಒಂದು ಗಾಡಿ ಮೇವಿನ ದುಡ್ಡು ಕಳಿಸಿಲ್ಲ. ಕೇಳಿ ನೋಡಿದ್ದೇನೆ.

"ಎಲ್ಲ ಮಾರಿ ಅಮ್ಮನ್ನ ಪುಣೆಗೆ ಕರ್ಕೊಂಡು ಬಾ" ಎನ್ನುವ ಗೆಳೆಯರೂ ಇದ್ದಾರೆ. ಪ್ರಾಕ್ಟಿಕಲ್ ಮನುಷ್ಯರು. ಬಂದಿದ್ದಳು, ಹೋದ ಮಳೆಗಾಲ, ನಲವತ್ತು ದಿನ. ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಕೂತು, ಕೆಳಗೆ ಹಾಲಿನ ಪೊಟ್ಟಣ ಹಂಚುವ ಹುಡುಗನ ಹಾದಿ ಕಾಯುತ್ತಿದ್ದಳು. ಆಕೆಗೆ ದನ ಬೇಡ ಎಂದಲ್ಲ. ಒಬ್ಬಳೇ ಮಾಡಲಾಗುತ್ತಿಲ್ಲ, ಅಷ್ಟೇ. ಈ ಎರಡು ಮಾತಿನ ನಡುವಿನ ವ್ಯತ್ಯಾಸ ತಿಳಿಯಲು ನಮಗೆ ಯಾವ ಡಿಗ್ರಿ ಬೇಕು? ಇಡಬೇಕು ಎನ್ನುವವರಿಗೂ ಮಾರಬೇಕು ಎನ್ನುವವರಿಗೂ ಒಂದು ಅನುಕೂಲ ಇದೆ. ಇಬ್ಬರೂ ಬೆಳಿಗ್ಗೆ ಏಳಬೇಕಾಗಿಲ್ಲ.

ನಾನು ಕೇಳುವುದು ಇಷ್ಟು. ಊರಲ್ಲಿ ದನ ಇರಲಿ ಎನ್ನುವವನು ಆಳಿನ ಸಂಬಳದಲ್ಲಿ ತನ್ನ ಪಾಲು ಪ್ರತಿ ತಿಂಗಳು ಒಂದನೆಯ ತಾರೀಕು ಕಳಿಸಲಿ, ಇಎಂಐ ಹಾಗೆ. ರಜೆಯನ್ನು ಹೋಳಿಗೆಯ ದಿನಕ್ಕೆ ಹಾಕುವ ಬದಲು ಮಾರ್ಗಶಿರದ ಹಬ್ಬವಿಲ್ಲದ ದಿನಗಳಿಗೆ ಹಾಕಲಿ. ಎರಡೂ ಆಗದಿದ್ದರೆ, ಅವ್ವ ಮಾರುತ್ತೇನೆ ಎಂದ ದಿನ ಬಾಯಿ ಮುಚ್ಚಿಕೊಂಡು, ಯೋಗ್ಯ ಬೆಲೆಗೆ ಗಿರಾಕಿ ಹುಡುಕಿಕೊಡಲಿ. ಅದೂ ಮರ್ಯಾದೆಯ ಕೆಲಸವೇ.

ಅಣ್ಣ ಇನ್ನೂ ಉತ್ತರ ಕೊಟ್ಟಿಲ್ಲ. ತಂಗಿ ತನ್ನ ಪಾಲು ಕಳಿಸಿದಳು, ಜತೆಗೆ ಒಂದು ಸಿಟ್ಟಿನ ಧ್ವನಿಸಂದೇಶ. ಎಂಟು ಸಾವಿರ ಕೇಳಿದಾಕೆ ಸೋಮವಾರದಿಂದ ಬರುತ್ತಿದ್ದಾಳೆ. ಮೊದಲ ದಿನ ಅವ್ವ ಆಕೆಯ ಹಿಂದೆಯೇ ತಿರುಗಿ ತಪ್ಪು ಹುಡುಕಿದಳಂತೆ.

ದೊಡ್ಡ ಎಮ್ಮೆಗೆ ಇಂಜೆಕ್ಷನ್ ಹಾಕಿಸಿದ್ದು ಜನವರಿ ಕೊನೆಗೆ. ಎಮ್ಮೆಗೆ ಮುನ್ನೂರ ಹತ್ತು ದಿನದ ಲೆಕ್ಕ, ಡಿಸೆಂಬರ್ ಮೊದಲ ವಾರಕ್ಕೆ ಈಯಬೇಕು. ಆ ವಾರಕ್ಕೆ ರಜೆ ಹಾಕಿದ್ದೇನೆ. ಪೋರ್ಟಲಿನಲ್ಲಿ ಕಾರಣ ಆರಿಸುವ ಕಡೆ ಮದುವೆ, ಅನಾರೋಗ್ಯ, ಪ್ರವಾಸ ಇತ್ತು. ಕೊನೆಗೆ 'ಇತರೆ' ಒತ್ತಿ, ಪಕ್ಕದ ಖಾನೆಯಲ್ಲಿ ಎಮ್ಮೆಯ ಬಾಣಂತನ ಎಂದು ಬರೆದೆ. ಮಂಜೂರಾಗಿದೆ.