ಕೊಟ್ಟಿಗೆಯಲ್ಲೊಂದು ಎಚ್‌ಟಿ-2

ಅಮೆರಿಕದ ಎಡ್ವಿನ್ ಲಿಂಕ್ ಎಂಬ ತರುಣನ ಅಪ್ಪನಿಗೆ ವಾದ್ಯ ತಯಾರಿಸುವ ಕಾರ್ಖಾನೆ ಇತ್ತು. ಅಲ್ಲಿ ಪಿಯಾನೊ, ಆರ್ಗನ್ ಮಾಡುತ್ತಿದ್ದರು. ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಂನ ದೊಡ್ಡಣ್ಣ. ತಿದಿ ಒತ್ತಿದರೆ ಗಾಳಿ, ಗಾಳಿ ನುಗ್ಗಿದರೆ ಸ್ವರ. ಮಗನಿಗೋ ವಿಮಾನದ ಹುಚ್ಚು, ಆದರೆ ಹಾರಲು ಕಲಿಯುವುದು ಬಲು ದುಬಾರಿ. 1920ರ ದಶಕದ ಕೊನೆಯಲ್ಲಿ ಅವನು ಕಾರ್ಖಾನೆಯ ನೆಲಮಾಳಿಗೆಯಲ್ಲಿ ಅದೇ ತಿದಿಗಳ ಮೇಲೆ ಒಂದು ಪುಟ್ಟ ಮರದ ವಿಮಾನ ಕೂರಿಸಿದ. ಕೋಲು ಎಳೆದರೆ ಅದರ ಮೂಗು ಏಳುತ್ತಿತ್ತು, ಪಕ್ಕಕ್ಕೆ ತಳ್ಳಿದರೆ ವಾಲುತ್ತಿತ್ತು. ಮೊದಲು ಅದನ್ನು ಕೊಂಡವರು ಜಾತ್ರೆಯಾಟದ ಮಂದಿ! 1934ರಲ್ಲಿ ಅಂಚೆ ಹೊತ್ತ ಸೇನಾ ಪೈಲಟ್‌ಗಳು ಮಂಜು, ಮಳೆಯಲ್ಲಿ ದಾರಿ ಕಾಣದೆ ಸಾಲಾಗಿ ಸತ್ತಾಗ ಸೇನೆಗೆ ಈ ಆಟಿಕೆಯ ಬೆಲೆ ತಿಳಿಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಜನ ಅದರಲ್ಲಿ ಕೂತು ಕಲಿತರು.

ಈ ಕಥೆಯನ್ನು ಒಂದು ಭಾನುವಾರ ಮನೆಯಲ್ಲಿ ಹೇಳಿದೆ. ಎಂಟನೇ ತರಗತಿಯ ಮಗಳು ತಕ್ಷಣ ಕೇಳಿದ್ದು, “ನಾವು ತಾತನಿಗೆ ಒಂದು ಮಾಡಿಕೊಡೋಣ್ವಾ?”

ತಾತ ಎಂದರೆ ನನ್ನ ದೊಡ್ಡಪ್ಪ. ಮಳವಳ್ಳಿಯ ಈ ಮನೆಯಿಂದ ಹೋಗಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಈಗ ಎಂಬತ್ತೆಂಟು ದಾಟಿದೆ. ಕಣ್ಣಿನ ನರ ಸೊರಗುತ್ತಿದೆ. ಹೋದ ನೋಟ ಮರಳದು, ಉಳಿದದ್ದು ಎಷ್ಟು ದಿನವೋ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಂದಿನಿಂದ ಅವರು ಜಗುಲಿ ಬಿಟ್ಟು ಏಳುತ್ತಿರಲಿಲ್ಲ, ಮಾತೂ ಕಡಿಮೆ. ವಿಮಾನಗಳಿಗೆ ತಂತಿ ಬಿಗಿದು ಬಿಗಿದು ಬೆರಳು ಸವೆಸಿದವರು ಒಮ್ಮೆಯೂ ಅವುಗಳಲ್ಲಿ ಕೂತು ಹಾರಿದವರಲ್ಲ.

ಹಾಗಾಗಿ ಯಾವ ವಿಮಾನ ಎಂಬ ಪ್ರಶ್ನೆಯೇ ಬರಲಿಲ್ಲ. ಎಚ್‌ಟಿ-2. ನಮ್ಮ ದೇಶದಲ್ಲೇ ವಿನ್ಯಾಸಗೊಂಡು, ಸಾಲಾಗಿ ತಯಾರಾದ ಮೊದಲ ವಿಮಾನ. ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಇದು ಬೆಂಗಳೂರಿನ ಆಕಾಶಕ್ಕೆ ಮೊದಲು ಏರಿದ್ದು 1951ರ ಆಗಸ್ಟ್‌ನಲ್ಲಿ. ಒಬ್ಬರ ಹಿಂದೊಬ್ಬರು ಕೂರುವ ಎರಡು ಸೀಟು, 155 ಅಶ್ವಶಕ್ತಿಯ ಎಂಜಿನ್, ಬಾಲದ ಕೆಳಗೊಂದು ಪುಟ್ಟ ಚಕ್ರ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಅಕ್ಷರಾಭ್ಯಾಸ ಮಾಡಿದ್ದು ಇದರಲ್ಲೇ. ಆಫ್ರಿಕಾದ ಘಾನಾ ದೇಶಕ್ಕೂ 12 ಹೋದವು.

ಸಾಮಾನಿಗೆ ಊರೂರು ಅಲೆದೆವು. ಮಂಡ್ಯದ ಗುಜರಿ ಅಂಗಡಿಯಲ್ಲಿ ಟ್ರ್ಯಾಕ್ಟರ್ ಸೀಟು, ಒಂದು ಕಬ್ಬಿಣದ ಪೈಪು, ಕೆಟ್ಟ ರೇಡಿಯೊ ಎರಡು. ಮದ್ದೂರಿನ ಬಡಗಿಯೊಬ್ಬರು ಪ್ಲೈವುಡ್ ಕೊಯ್ದು ಕೊಟ್ಟರು (ಕಾಯುವಷ್ಟು ಹೊತ್ತೂ ವಡೆ ತಿಂದೆವು, ಅದರ ಲೆಕ್ಕ ಬೇರೆ). ರೇಡಿಯೊ ಯಾಕೆ ಅಂದಿರಾ? ಅದರ ವಾಲ್ಯೂಮ್ ತಿರುಗಣಿಗಾಗಿ. ಕೋಲಿನ ಬುಡಕ್ಕೆ ಅದನ್ನು ಕಟ್ಟಿದರೆ, ಕೋಲು ಎಷ್ಟು ವಾಲಿತೋ ಅಷ್ಟು ವಿದ್ಯುತ್ತು ಏರುಪೇರಾಗುತ್ತದೆ. ಒಂದು ಪುಟ್ಟ ಆರ್ಡಿನೋ ಬೋರ್ಡು ಅದನ್ನು ಅಳೆದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರಿನಲ್ಲಿ ಫ್ಲೈಟ್‌ಗೇರ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ನಾವು ಆರಿಸಿದ್ದು ಪೈಪರ್ ಕಬ್. ಅದೂ ಹಿಂದೆ ಮುಂದೆ ಸೀಟಿನ, ಬಾಲಚಕ್ರದ ಹಳೆಯ ಜೀವ. ಕೋಲು ಬಿಟ್ಟರೆ ನಡುವಿಗೆ ಮರಳಲು ಸೈಕಲ್ ಟ್ಯೂಬಿನ ಪಟ್ಟಿ ಬಿಗಿದೆವು.

ಜಗಳ ಬಿದ್ದಿದ್ದು ಕಾಲಿನ ಪೆಡಲ್‌ಗೆ. ನಡುವೆ ಮೊಳೆ ಹೊಡೆದ ಅಡ್ಡಹಲಗೆ. ಒಂದು ತುದಿ ಮುಂದೆ ಹೋದರೆ ಇನ್ನೊಂದು ಹಿಂದೆ. ತಂಗಿಯ ಮಗ, “ಸೈಕಲ್ ಹ್ಯಾಂಡಲ್ ಥರಾನೇ, ಎಡಗಡೆ ತಳ್ಳಿದ್ರೆ ಬಲಕ್ಕೆ ತಿರುಗ್ಬೇಕು” ಎಂದ. ಮಗಳು ಒಪ್ಪಲಿಲ್ಲ. ಇಬ್ಬರ ದನಿಯೂ ಏರಿತು. ಜಗುಲಿಯಿಂದ ಗೋಡೆ ಹಿಡಿದುಕೊಂಡು ಯಾರೋ ಬಂದ ಸದ್ದು.

“ಅಂಗಲ್ಲ ಕಣ್ಲಾ ಮಗ. ಎಡಗಾಲು ತುಳುದ್ರೆ ಎಡಕ್ಕೇ ತಿರುಗ್ತದೆ.”

ದೊಡ್ಡಪ್ಪ ನೆಲದ ಮೇಲೆ ಕೂತು ಹಲಗೆಯನ್ನು ತಡವಿದರು. ಎಡಗಾಲು ಮುಂದೆ ಹೋದರೆ ಎಡಬದಿಯ ತಂತಿಯನ್ನು ಎಳೆಯುತ್ತದೆ. ಆ ತಂತಿ ನೇರ ಬಾಲದವರೆಗೆ ಹೋಗಿ ಅಲ್ಲಿನ ಚುಕ್ಕಾಣಿಯ ಎಡ ಕಿವಿಯನ್ನು ಮುಂದಕ್ಕೆ ಎಳೆಯುತ್ತದೆ. ಚುಕ್ಕಾಣಿ ಎಡಕ್ಕೆ ವಾಲುತ್ತದೆ, ಗಾಳಿ ಬಾಲವನ್ನು ಬಲಕ್ಕೆ ನೂಕುತ್ತದೆ, ಮೂಗು ಎಡಕ್ಕೆ ಹೊರಳುತ್ತದೆ. ತೆಂಗಿನ ಕಡ್ಡಿ, ದಾರ ತರಿಸಿ ಕತ್ತಲಲ್ಲಿ ಹೂ ಕಟ್ಟುವವರ ಹಾಗೆ ಬೆರಳಲ್ಲೇ ಮಾಡಿ ತೋರಿಸಿದರು. ಮಾರನೆಯ ದಿನದಿಂದ ಬೆಳಗ್ಗೆ ಎಂಟಕ್ಕೇ ಕೊಟ್ಟಿಗೆಗೆ ಹಾಜರ್.

ಸೀಟಿನ ಮುಂಭಾಗಕ್ಕೆ ಎರಡು ಇಟ್ಟಿಗೆ ಇಡಿಸಿದ್ದೂ ಅವರೇ. “ಎದುರುಗಡೆ ಏನೂ ಕಾಣಲ್ಲ ತಾತ” ಎಂದಳು ಮಗಳು. “ಬಾಲಚಕ್ರದ್ದು ನೆಲದ ಮೇಲೆ ಮೂಗು ಎತ್ಕಂಡೇ ನಿಂತಿರ್ತದೆ ಕಣವ್ವ. ಅದಕ್ಕೇ ಅವ್ರು ಆವು ಹರ್ದಂಗೆ ಆ ಕಡೆ ಈ ಕಡೆ ತಿರುಗುಸ್ಕಂಡು ಓಗೋದು.”

ಹಲಗೆಯ ಮೇಲಿನ ಮೀಟರುಗಳೆಲ್ಲ ಡಬ್ಬಿ ಮುಚ್ಚಳ, ಬರಿ ತೋರಿಕೆ. ಒಂದು ಮಾತ್ರ ನಿಜದ್ದು, ಅದನ್ನು ನೀವೂ ಮಾಡಬಹುದು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಗೇಣುದ್ದ ಕತ್ತರಿಸಿ. ಹರಳೆಣ್ಣೆ ತುಂಬಿ, ಸೈಕಲ್ ಬೇರಿಂಗಿನ ಗುಂಡೊಂದನ್ನು ಹಾಕಿ, ಎರಡೂ ತುದಿ ಭದ್ರವಾಗಿ ಮುಚ್ಚಿ. ನಗುವ ಬಾಯಿಯ ಹಾಗೆ ಬಗ್ಗಿಸಿ ರಟ್ಟಿಗೆ ಕಟ್ಟಿ. ಗುಂಡು ನಡುವೆ ನಿಲ್ಲುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಬರುವ ಬಸ್ಸಿನಲ್ಲಿ ಹಿಡಿದು ನೋಡಿದೆವು: ಬಸ್ಸು ಎಡಕ್ಕೆ ತಿರುಗಿದರೆ ಗುಂಡು ಬಲಕ್ಕೆ ಓಡುತ್ತದೆ. ಅದೇ ಸೈಕಲ್ಲಿನ ಚೌಕಟ್ಟಿಗೆ ಕಟ್ಟಿದಾಗ ತಿರುವಿನಲ್ಲೂ ಹೆಚ್ಚುಕಮ್ಮಿ ನಡುವೆಯೇ ಇತ್ತು, ಏಕೆಂದರೆ ಸೈಕಲ್ಲು ತಿರುವಿಗೆ ತಕ್ಕಂತೆ ವಾಲುತ್ತದೆ. ವಿಮಾನವೂ ಹಾಗೆ ವಾಲಬೇಕು. ಗುಂಡು ಪಕ್ಕಕ್ಕೆ ಸರಿದರೆ ಸರಿದ ಕಡೆಯ ಪೆಡಲ್ ತುಳಿ ಎಂಬುದು ಪೈಲಟ್‌ಗಳ ಮೊದಲ ಪಾಠಗಳಲ್ಲೊಂದು.

ದೀಪಾವಳಿಗೆ ನಾಲ್ಕು ದಿನ ಮುಂಚೆ ಎಲ್ಲ ಸಿದ್ಧವಾಯಿತು. ದೊಡ್ಡಪ್ಪನನ್ನು ಇಬ್ಬರು ಹಿಡಿದು ಕೂರಿಸಿದೆವು. ಪರದೆ ಅವರಿಗೆ ಬರೀ ಬೆಳಕಿನ ಮಸುಕು. ಮಕ್ಕಳು ಅಂಕಿ ಓದತೊಡಗಿದರು. ವೇಗ ಏರುತ್ತಿದ್ದಂತೆ, ಯಾರೂ ಹೇಳಿಕೊಡದೆ, ಅವರ ಕೈ ಕೋಲನ್ನು ತುಸು ಮುಂದಕ್ಕೆ ತಳ್ಳಿತು. “ಬಾಲ ಏಳ್ತಾ?” “ಎದ್ದಿತು ತಾತ!” ಮೆಲ್ಲಗೆ ಹಿಂದಕ್ಕೆ ಎಳೆದರು. ನೂರಡಿ, ಮುನ್ನೂರು, ಎಂಟುನೂರು. ನಡುಗುತ್ತಿದ್ದ ಕೈ ಕೋಲಿನ ಮೇಲೆ ನಡುಗುತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಇದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಿತ್ತು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ಪರದೆ ಕಪ್ಪಾಯಿತು. ಮಕ್ಕಳು ಸಪ್ಪಗಾದರು. ಕೈ ಕೊಟ್ಟು ಎಬ್ಬಿಸಲು ಹೋದೆ.

“ಬುಡ್ಲಾ” ಎಂದರು ದೊಡ್ಡಪ್ಪ, ಕೋಲು ಬಿಡದೆ. “ಇನ್ನೂ ಮ್ಯಾಲೇ ಇವ್ನಿ. ಕರೆಂಟ್ ಬಂದ್ಮೇಲೆ ಇಳುಸ್ತೀನಿ.”