ಹಸುವಿನ ಹಗ್ಗ ಬಿಚ್ಚಿದ ಮೇಲೆ



ಕಳೆದ ಸಂಚಿಕೆಯಲ್ಲಿ ತೆಂಗಿನ ಬಿಳಿನೊಣದ ವಿಷಯ ಬರೆದಿದ್ದೆವು. ಅದರ ಮುಂದಿನ ಭಾಗ ಕೇಳಿದವರು ಇನ್ನೊಂದು ತಿಂಗಳು ತಾಳಿಕೊಳ್ಳಬೇಕು. ಮಳೆಗಾಲ ಬಾಗಿಲಿಗೆ ಬಂದಿದೆ. ಅದಕ್ಕೆ ಮೊದಲು ಹೇಳಲೇಬೇಕಾದ ಮಾತೊಂದಿದೆ.

ನೀಲಗಿರಿಯಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಪಿಲ್ಲೂರು ಅಣೆಕಟ್ಟು ತುಂಬುತ್ತದೆಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಅದರ ಪೂರ್ಣ ಮಟ್ಟ 100 ಅಡಿ. ನೀರು ಅದರ ಸಮೀಪಕ್ಕೆ ಬಂದೊಡನೆ ಬಾಗಿಲು ತೆಗೆಯುತ್ತಾರೆ. ಮೇಟ್ಟುಪಾಳ್ಯಂ, ಸಿರುಮುಗೈ ಕಡೆಯ ಭವಾನಿ ದಂಡೆಯವರು ಎತ್ತರದ ಜಾಗಕ್ಕೆ ಹೋಗಬೇಕೆಂದು ಸಾರುತ್ತಾರೆ. ತಿರುಪ್ಪೂರಿನಲ್ಲಿ 2011ರ ನವೆಂಬರಿನಲ್ಲಿ ನೊಯ್ಯಲ್ ಉಕ್ಕಿದಾಗ ಸಾರುವಷ್ಟು ಪುರುಸೊತ್ತೂ ಇರಲಿಲ್ಲ. ಕಾಲು ಗಟ್ಟಿ ಇದ್ದವರು ಓಡಿದರು. ನಾವು ಬರೆಯುತ್ತಿರುವುದು ಓಡಲಾಗದವರ ಬಗ್ಗೆ.

ಕೆಲವು ವರ್ಷಗಳ ಹಿಂದೆ, ಹಿಂದಿನ ಧರ್ಮಕೇಂದ್ರದಲ್ಲಿದ್ದಾಗ, ಇಂಥದೇ ಒಂದು ರಾತ್ರಿ ಶಾಲೆಯ ಸಭಾಂಗಣ ತೆರೆದು ಹೊಳೆಯ ಕಡೆಯ ಕುಟುಂಬಗಳನ್ನು ಸೇರಿಸಿಕೊಂಡೆವು. ಜಮಖಾನೆ ಹಾಸಿದ್ದಾಯಿತು, ಉಪ್ಪಿಟ್ಟು ಬೇಯಿಸಿದ್ದಾಯಿತು. ಹಸು, ಕರು, ಆಡುಗಳು ಕೂಡ ಗೇಟಿನ ಒಳಗೆ ಬಂದಿದ್ದವು. ಎಲ್ಲರೂ ಬಂದರೆಂದು ನಾವು ದೇವರಿಗೆ ವಂದನೆ ಸಲ್ಲಿಸಿ ಮಲಗಿದೆವು. ಬೆಳಗಿನ ಜಾವ ಒಬ್ಬ ತಾಯಿ ಬಾಗಿಲು ತಟ್ಟಿ, "ಸಾಮಿ, ನನ್ನ ಮಗ ಮನೆಯಲ್ಲೇ ಇದ್ದಾನೆ" ಎಂದರು. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಮಗ. ಆಕೆ ಮೂವರನ್ನು ಕೇಳಿದ್ದರು. ಮೂವರೂ "ಈಗ ಬಂದೆ" ಎಂದಿದ್ದರು. ನಾಲ್ಕನೆಯವರನ್ನು ಕೇಳಲು ಆಕೆಗೆ ನಾಚಿಕೆಯಾಯಿತು.

ನಾಲ್ವರು ಯುವಕರು ಹೋಗಿ ಹೊತ್ತು ತಂದರು. ನೀರು ಅಂಗಳದಲ್ಲೇ ನಿಂತಿದ್ದರಿಂದ ಜೀವ ಉಳಿಯಿತು. ಆದರೆ ಅವಸರದಲ್ಲಿ ಮೂತ್ರದ ಕೊಳವೆ ಎಳೆದು ರಕ್ತ ಬಂತು, ಬರಿ ನೆಲದಲ್ಲಿ ಮಲಗಿಸಿದ್ದರಿಂದ ಬೆನ್ನಿನ ಕೆಳಗೆ ಹುಣ್ಣಾಯಿತು. ಅದು ಮಾಯಲು ತಿಂಗಳುಗಳೇ ಬೇಕಾದವು. ಅವನು ನಮಗೆ ಹೇಳಿದ್ದು ಇಷ್ಟು: "ಹಸುವನ್ನು ಮೊದಲು ಬಿಚ್ಚಿದ್ದಕ್ಕೆ ನನಗೆ ಬೇಜಾರಿಲ್ಲ ಸಾಮಿ. ಹಗ್ಗ ಬಿಚ್ಚಿದರೆ ಅದು ತಾನೇ ನಡೆಯುತ್ತದೆ. ಬಿಚ್ಚಿದ ಮೇಲಾದರೂ ಯಾರಾದರೂ ನನ್ನ ಕಡೆ ತಿರುಗುತ್ತಾರೆ ಅಂದುಕೊಂಡಿದ್ದೆ."

ತಪ್ಪು ಆ ಮೂವರದಷ್ಟೇ ಅಲ್ಲ. ಪ್ರತಿ ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಡಲು ಹೋಗುವಾಗ ನಾವು ಒಯ್ಯುವ ಪುಟ್ಟ ಪುಸ್ತಕದಲ್ಲಿ ಅವನ ಹೆಸರಿತ್ತು. ಆ ರಾತ್ರಿ ಆ ಪುಸ್ತಕ ನಮ್ಮ ಮೇಜಿನ ಮೇಲೆಯೇ ಇತ್ತು. ಅದನ್ನು ತೆರೆದು ನೋಡುವ ಬುದ್ಧಿ ನಮಗೆ ಬರಲಿಲ್ಲ.

ನಮ್ಮ ರಾಜ್ಯದ ರಾಮನಾಥಪುರ ಜಿಲ್ಲೆಯ ಏರ್ವಾಡಿಯನ್ನು ಹಿರಿಯರು ಮರೆತಿರಲಾರರು. 2001ರ ಆಗಸ್ಟ್ 6ರ ನಸುಕಿನಲ್ಲಿ ಮಾನಸಿಕ ಅಸ್ವಸ್ಥರನ್ನು ಇರಿಸಿದ್ದ ಚಪ್ಪರದ ಆಶ್ರಯತಾಣಕ್ಕೆ ಬೆಂಕಿ ಬಿತ್ತು. ಅಲ್ಲಿದ್ದವರನ್ನು ಸರಪಳಿಯಿಂದ ಕಟ್ಟಿದ್ದರು. 28 ಮಂದಿ ಸತ್ತರು. ನಾವು ಯಾರನ್ನೂ ಸರಪಳಿಯಲ್ಲಿ ಕಟ್ಟಿಲ್ಲ, ನಿಜ. ಆದರೆ ಬುದ್ಧಿ ಬೆಳೆಯದ ಮಗುವನ್ನು ಒಳಕೋಣೆಯಲ್ಲಿ ಕೂಡಿಟ್ಟು, ಹೊರಗಿನಿಂದ ಚಿಲಕ ಹಾಕಿ ಹತ್ತಿ ಬಿಡಿಸಲು ಹೋಗುವ ಮನೆಗಳು ನಮ್ಮಲ್ಲಿ ಇಲ್ಲವೇ? ಕೂಲಿಗೆ ಹೋಗದೆ ಹೊಟ್ಟೆ ನಡೆಯದು ಎಂಬುದನ್ನು ಬಲ್ಲೆವು, ಬೈಯಲು ನಮಗೆ ಮನಸ್ಸಿಲ್ಲ. ಚಿಲಕದ ಸಂಗತಿ ಪಕ್ಕದ ಮನೆಯವರಿಗೆ ತಿಳಿದಿರಲಿ ಎನ್ನುತ್ತೇವೆ, ಅಷ್ಟೇ.

ಕಾನೂನು ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 8ನೆಯ ಕಲಮು, ವಿಪತ್ತಿನಲ್ಲಿ ವಿಕಲಚೇತನರಿಗೂ ಇತರರಷ್ಟೇ ರಕ್ಷಣೆ ಸಿಗಬೇಕೆನ್ನುತ್ತದೆ. ಜಿಲ್ಲೆಯಲ್ಲಿರುವ ವಿಕಲಚೇತನರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಂಡು, ಅಪಾಯದ ಸೂಚನೆಯನ್ನು ಅವರಿಗೆ ತಲುಪಿಸಬೇಕೆಂದೂ ಹೇಳುತ್ತದೆ. ನಿಮ್ಮ ಮನೆಯವರ ಹೆಸರು ಅದರಲ್ಲಿದೆಯೇ ಎಂದು ಕಲೆಕ್ಟರ್ ಕಚೇರಿಯಲ್ಲಿ ಕೇಳಿರಿ, ಕೇಳುವುದು ನಿಮ್ಮ ಹಕ್ಕು. ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ದೂರವಾಣಿ 1077. ಆದರೆ ಅವರ ವಾಹನ ಬರುವವರೆಗಿನ ಒಂದೆರಡು ಗಂಟೆ ನಮ್ಮದು.

ಆ ಗಂಟೆಗಳ ಹೊರೆ ಈಗ ಯಾರ ಮೇಲಿದೆ? ತಾಯಿಯ ಮೇಲೆ, ಇಲ್ಲವೆ ಹೆಂಡತಿಯ ಮೇಲೆ. ದಿನಾ ಎತ್ತಿ ಕೂರಿಸುವವಳೂ ಅವಳೇ, ಪ್ರವಾಹದ ರಾತ್ರಿ ಹೊರುವವಳೂ ಅವಳೇ ಎಂದರೆ ಅದು ಯಾವ ನ್ಯಾಯ? ಅವಳು ಊರಲ್ಲಿ ಇಲ್ಲದಿದ್ದರೆ? ಕಫೆರ್ನವುಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರು ನಾಲ್ವರೆಂದು ಮಾರ್ಕನು ಎಣಿಸಿ ಬರೆದಿದ್ದಾನೆ. ಒಬ್ಬ ವಯಸ್ಕನನ್ನು ಬೆನ್ನು ಬಾಗದಂತೆ ಮಂಚದಲ್ಲಿ ಒಯ್ಯಲು ಇಂದಿಗೂ ಬೇಕಾದದ್ದು ನಾಲ್ಕು ಜನ. ಆದುದರಿಂದ ಓಡಲಾಗದ ಪ್ರತಿಯೊಬ್ಬರಿಗೂ ನೆರೆಯ ನಾಲ್ವರ ಹೆಸರನ್ನು ಈಗಲೇ ಗೊತ್ತುಮಾಡಬೇಕು. ಅವರಲ್ಲಿ ಇಬ್ಬರಾದರೂ ರಾತ್ರಿ ಊರಲ್ಲೇ ಇರುವವರಾಗಿರಲಿ. ಬನಿಯನ್ ಕಂಪನಿಯ ರಾತ್ರಿ ಪಾಳಿಗೆ ಹೋಗುವವರನ್ನೇ ಬರೆದುಕೊಂಡರೆ ಏನು ಪ್ರಯೋಜನ?

ಹೇಗೆ ಹೊರಬೇಕೆಂಬುದನ್ನು ಅವರನ್ನೇ ಕೇಳಿರಿ. ನೋವು ಎಲ್ಲಿ, ಹಿಡಿಯಬೇಕಾದದ್ದು ಎಲ್ಲಿ ಎಂದು ಆ ದೇಹಕ್ಕೆ ಗೊತ್ತು. ಬೆನ್ನುಹುರಿಗೆ ಪೆಟ್ಟಾದವರನ್ನು ಕಂಕುಳಿಗೆ ಕೈಹಾಕಿ ಎಳೆಯಬೇಡಿರಿ. ಮೂತ್ರದ ಚೀಲ ಹೊಟ್ಟೆಗಿಂತ ಕೆಳಗಿರಲಿ, ಕೊಳವೆ ಎಲ್ಲಿಯೂ ಸಿಕ್ಕಿಕೊಳ್ಳದಿರಲಿ. ತಂಗುವ ಜಾಗದಲ್ಲಿ ಮೆತ್ತನೆಯ ಹಾಸಿಗೆ ಕೊಟ್ಟು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ. ಕಣ್ಣು ಕಾಣದವರ ಕೈ ಹಿಡಿದು ಎಳೆಯುವ ಬದಲು ಅವರು ನಿಮ್ಮ ಮೊಣಕೈ ಹಿಡಿಯಲಿ. ಕಿವಿ ಕೇಳದವರಿಗೆ ಧ್ವನಿವರ್ಧಕ ಎಷ್ಟು ಕೂಗಿದರೂ ವ್ಯರ್ಥ, ಒಬ್ಬರು ಟಾರ್ಚ್ ಹಿಡಿದು ಮನೆಗೇ ಹೋಗಬೇಕು. ಮೂರ್ಛೆರೋಗದ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸಬಾರದು. ಒಂದು ವಾರದ ಮಾತ್ರೆ, ಗುರುತಿನ ಚೀಟಿಯ ನಕಲು, ವೈದ್ಯರ ಚೀಟಿ ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ತೂಗುಹಾಕಿರಿ. ಊರುಗೋಲು, ಗಾಲಿಕುರ್ಚಿಗಳನ್ನು "ಆಮೇಲೆ ತರೋಣ" ಎಂದು ಬಿಟ್ಟು ಬರಬೇಡಿರಿ. ಅವು ಅವರ ಕಾಲು.

ಇನ್ನೊಂದು ಮಾತು. 2019ರ ಡಿಸೆಂಬರ್ 2ರ ನಸುಕಿನಲ್ಲಿ ಮೇಟ್ಟುಪಾಳ್ಯಂ ಬಳಿಯ ನಡೂರಿನಲ್ಲಿ ಮಳೆಗೆ ನೆನೆದ ಎತ್ತರದ ಗೋಡೆ ಮನೆಗಳ ಮೇಲೆ ಕುಸಿದು 17 ಮಂದಿ ಸತ್ತರು. ಗಟ್ಟಿಮುಟ್ಟಾದವರಿಗೂ ಅಲ್ಲಿ ಎದ್ದೇಳಲು ಸಮಯ ಸಿಗಲಿಲ್ಲ. ಹಾಸಿಗೆ ಹಿಡಿದವರ ಮಂಚ ಯಾವ ಗೋಡೆಯ ಪಕ್ಕದಲ್ಲಿದೆ ಎಂದು ಇವತ್ತೇ ನೋಡಿರಿ. ಬಿರುಕು ಕಂಡರೆ ಮಂಚ ಸರಿಸಿರಿ.

ನಮ್ಮ ಪುಸ್ತಕದಲ್ಲಿ ಈಗ ಇರುವವರು ಪರಮಪ್ರಸಾದ ಸ್ವೀಕರಿಸುವವರು ಮಾತ್ರ. ಬುದ್ಧಿಮಾಂದ್ಯ ಮಕ್ಕಳಲ್ಲಿ ಹಲವರ ಹೆಸರು ಅದರಲ್ಲಿಲ್ಲ, ಪಕ್ಕದ ಬೀದಿಯ ಹಿಂದೂ, ಮುಸ್ಲಿಂ ಮನೆಗಳವರದಂತೂ ಇಲ್ಲವೇ ಇಲ್ಲ. ನೀರಿಗೆ ಜ್ಞಾನಸ್ನಾನದ ದಾಖಲೆ ಬೇಕಿಲ್ಲ. ಪ್ರತಿ ಅನ್ಬಿಯಂನವರು ತಮ್ಮ ಬೀದಿಯ ಎಲ್ಲ ಹೆಸರುಗಳನ್ನೂ, ಆಯಾ ಮನೆಯವರ ಒಪ್ಪಿಗೆ ಪಡೆದು, ಬರೆದು ತರಬೇಕು. ಬರುವ ಭಾನುವಾರ ಎರಡನೆಯ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಹೊರುವ ಅಭ್ಯಾಸ ಮಾಡೋಣ. ಹಗ್ಗದ ಮಂಚ ಇರುವವರು ಒಂದನ್ನು ತನ್ನಿರಿ. ಮೊದಲು ಅದರಲ್ಲಿ ಮಲಗುವವರು ನಾವೇ. ನಮ್ಮ ತೂಕ 82 ಕಿಲೋ, ಯುವಜನ ಸಂಘದವರು ಚೆನ್ನಾಗಿ ಊಟಮಾಡಿ ಬರಲಿ.